ದಾರದ ಮೇಡಮ್ಮೋರು

ಒಳ್ಳೆಯ ನಾಯಕಿಗೆ ಐದು ಲಕ್ಷಣಗಳಿರಬೇಕು. ಅದರಲ್ಲಿ ನಾಲ್ಕನೆಯದು ನನಗೆ ಯಾವತ್ತೂ ನೆನಪಾಗುತ್ತಿರಲಿಲ್ಲ. ಧೈರ್ಯ, ತಾಳ್ಮೆ, ಮಾತುಗಾರಿಕೆ ಎಂದು ಮೂರು ಬೆರಳು ಮಡಿಸಿ, ನಾಲ್ಕನೆಯದನ್ನು ಹಿಡಿದುಕೊಂಡು ಸಭೆಯನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಸಭೆ ನನ್ನ ಬೆರಳನ್ನು ನೋಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಐದನೆಯದಾದ ಪ್ರಾಮಾಣಿಕತೆಗೆ ಹಾರಿ, ‘ನಾಲ್ಕನೆಯದು ಏನಿರಬಹುದು, ನೀವೇ ಗುಂಪಿನಲ್ಲಿ ಚರ್ಚಿಸಿ ಹೇಳಿ’ ಎಂದು ಅದನ್ನೇ ಒಂದು ಚಟುವಟಿಕೆ ಮಾಡಿಬಿಡುತ್ತಿದ್ದೆ. ಸಂಜೆ ಮನೆಗೆ ಬಂದು ಕೈಪಿಡಿ ತೆರೆದರೆ ಅಲ್ಲಿ ದಪ್ಪಕ್ಷರದಲ್ಲಿ ‘ಸ್ಮರಣಶಕ್ತಿ’ ಎಂದಿರುತ್ತಿತ್ತು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ನಾಲ್ಕು ತಾಲ್ಲೂಕಿನ ಹೆಂಗಸರಿಗೆ ನಾಯಕತ್ವ ಕಲಿಸುತ್ತ ನಾನು ಏಳೆಂಟು ವರ್ಷ ಬಸ್ಸು ಹತ್ತಿ ಇಳಿದಿದ್ದೇನೆ. ಜಿಲ್ಲೆಯ ಉಳಿದ ಮೂರು ತಾಲ್ಲೂಕುಗಳು, ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮಕಾರಗಳು, ಇನ್ನೊಬ್ಬರ ಪಾಲಿಗೆ ಬಂದಿದ್ದವು. ಅವರಿಗೆ ಐದೂ ಲಕ್ಷಣಗಳು ಬಾಯಿಪಾಠ ಬರುತ್ತಿದ್ದವು ಎಂದು ಕೇಳಿದ್ದೇನೆ. ನಮ್ಮದು ಹೆಂಗಸರೇ ಸೇರಿ ನಡೆಸುತ್ತಿದ್ದ ಸ್ವಯಂಸೇವಾ ಸಂಘಟನೆ. ಸಂಬಳವಿಲ್ಲ. ಬಸ್ ಚಾರ್ಜು, ಮಧ್ಯಾಹ್ನದ ಊಟ, ವರ್ಷಕ್ಕೊಂದು ಕೈಚೀಲ. ಆ ಚೀಲಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ಇವತ್ತಿಗೂ ನಮ್ಮನೆಯಲ್ಲಿ ಈರುಳ್ಳಿ ಇರುವುದು ‘ಮಹಿಳಾ ನಾಯಕತ್ವ’ದೊಳಗೆ, ಬೆಳ್ಳುಳ್ಳಿ ಇರುವುದು ‘ಸಬಲೀಕರಣ’ದೊಳಗೆ.

ಅದು ಸಂಘಗಳ ಕಾಲ. ಹೆಂಗಸರು ಹದಿನೈದಿಪ್ಪತ್ತು ಜನ ಕೂಡಿ ವಾರವಾರ ಹತ್ತಿಪ್ಪತ್ತು ರೂಪಾಯಿ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಪದ್ಧತಿಯನ್ನು ನಮ್ಮ ಕಡೆಯ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲೇ ಹಳ್ಳಿಗಳಲ್ಲಿ ನಡೆಸಿ ತೋರಿಸಿತ್ತು. 1992ರಲ್ಲಿ ನಬಾರ್ಡಿನವರು ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸಿ ನೋಡೋಣ ಎಂದು ಹೊರಟರು. 2000–01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದು ಅಂಗನವಾಡಿ ಕಾರ್ಯಕರ್ತೆಯ ಕೈಗೆ ಕೊಟ್ಟಿತು. ಅಲ್ಲಿಂದ ಮುಂದೆ ಊರಿಗೊಂದು ಮಾರಿಗುಡಿಯಿದ್ದರೆ ಬೀದಿಗೊಂದು ಸಂಘ. ಪ್ರತಿ ಸಂಘಕ್ಕೂ ಇಬ್ಬರು ಪ್ರತಿನಿಧಿಗಳು ಬೇಕು, ಪ್ರತಿನಿಧಿಗಳಿಗೆ ನಾಯಕತ್ವ ಬರಬೇಕು, ನಾಯಕತ್ವಕ್ಕೆ ತರಬೇತಿ ಬೇಕು. ತರಬೇತಿಗೆ ನಾನು.

ನನ್ನ ಅರ್ಹತೆಯನ್ನೂ ಹೇಳಿಬಿಡಬೇಕು. ಮೈಸೂರಿನ ಮಹಾರಾಣಿ ಕಾಲೇಜಿನ ಬಿ.ಎ.; ಮಹಿಳಾ ಸಮಾಜದ ಗೌರಿಹಬ್ಬದಲ್ಲಿ ಸತತವಾಗಿ ಆರು ವರ್ಷ ವಂದನಾರ್ಪಣೆ. ಮಕ್ಕಳಿಬ್ಬರೂ ಕಾಲೇಜು ಸೇರಿ ಮಧ್ಯಾಹ್ನಗಳು ಖಾಲಿಯಾಗಿದ್ದವು. ತರಬೇತುದಾರರಿಗೇ ಮೈಸೂರಿನಲ್ಲಿ ಮೂರು ದಿನದ ವಸತಿ ತರಬೇತಿ ಇದೆ, ಬರುತ್ತೀರಾ ಎಂದು ಸಂಘಟನೆಯವರು ಕೇಳಿದಾಗ, ಮುಂದೆ ಸಾವಿರಾರು ಹೆಂಗಸರಿಗೆ ‘ನಿರ್ಧಾರ ಕೈಗೊಳ್ಳುವ ಕೌಶಲ’ ಬೋಧಿಸಲಿದ್ದ ನಾನು ಕೊಟ್ಟ ಉತ್ತರ: ‘ಮನೆಯವರನ್ನ ಕೇಳಿ ಹೇಳ್ತೀನಿ.’

ಮನೆಯವರು ಪಾಂಡವಪುರದಲ್ಲಿ ಹೈಸ್ಕೂಲು ಹೆಡ್‌ಮಾಸ್ತರು. ‘ಹೋಗಿ ಬಾ, ಅದಕ್ಕೇನಂತೆ’ ಎಂದರು. ಅರ್ಜಿಯನ್ನು ತಾವೇ ತುಂಬಿದರು. ನಮ್ಮ ಮನೆಯ ಯಾವ ಅರ್ಜಿಯನ್ನೂ ನಾನು ತುಂಬಿದ್ದಿಲ್ಲ. ರೇಷನ್ ಕಾರ್ಡು, ಗ್ಯಾಸು, ಬ್ಯಾಂಕು, ಮಕ್ಕಳ ಕಾಲೇಜು, ಎಲ್ಲವನ್ನೂ ಅವರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತುಂಬಿ, ನಾನು ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಸಣ್ಣದೊಂದು ಗೀಟು ಎಳೆದು, ಅಡುಗೆಮನೆಗೆ ತಂದು ಹಿಡಿಯುತ್ತಿದ್ದರು. ‘ಇಲ್ಲೊಂದು, ಇಲ್ಲೊಂದು.’ ನಾನು ಸೆರಗಿಗೆ ಕೈ ಒರೆಸಿಕೊಂಡು ಗೀಟಿನ ಮೇಲೆ ಸಹಿ ಹಾಕುತ್ತಿದ್ದೆ. ಆಮೇಲೆ ಅವರು ರಬ್ಬರು ತಂದು ಗೀಟು ಅಳಿಸುತ್ತಿದ್ದರು, ನಾನೇ ಜಾಗ ಕಂಡುಹಿಡಿದೆನೇನೋ ಎನ್ನುವ ಹಾಗೆ.

ಮೈಸೂರಿನಲ್ಲಿ ಕಲಿತದ್ದೆಲ್ಲ ಆಟಗಳು. ಅದರಲ್ಲೊಂದು ದಾರದುಂಡೆ ಆಟ. ಎಲ್ಲರೂ ದುಂಡಗೆ ಕೂರುವುದು. ಒಬ್ಬಳು ತನ್ನ ಹೆಸರು ಹೇಳಿ ದಾರದ ತುದಿ ಹಿಡಿದು ಉಂಡೆಯನ್ನು ಇನ್ನೊಬ್ಬಳತ್ತ ಎಸೆಯುವುದು. ಅವಳು ತನ್ನ ಹೆಸರು ಹೇಳಿ ಮತ್ತೊಬ್ಬಳತ್ತ. ಕೊನೆಗೆ ನಡುವೆ ಬಲೆಯಂತೆ ದಾರ ಹೆಣೆದುಕೊಳ್ಳುತ್ತದೆ. ಆಗ ನಾನು ಒಂದು ತುದಿಯನ್ನು ಜಗ್ಗಿ, ‘ನೋಡಿ, ಇಲ್ಲಿ ಎಳೆದರೆ ಅಲ್ಲಿ ಬಿಗಿಯಾಗುತ್ತದೆ, ಇದೇ ಸಂಘಟನೆ’ ಎನ್ನಬೇಕು. ಈ ಮಾತನ್ನು ನಾನು ಪ್ರತಿಸಲವೂ ಸರಿಯಾಗಿ ಹೇಳಿದ್ದೇನೆ. ಯಾರೂ ಕೇಳಿಸಿಕೊಂಡಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ದಾರದ ಮೇಲಿರುತ್ತಿತ್ತು. ‘ಇಷ್ಟು ದಾರ ಹಿಂಗೇ ಗೋಜಲಾದ್ರೆ ಹೆಂಗಕ್ಕ ಬುಡಿಸೋದು’ ಎಂದು ಒಬ್ಬಳು ಮರುಗಿದರೆ, ಇನ್ನೊಬ್ಬಳು ಆಗಲೇ ಮೊಣಕಾಲಿಗೆ ಸುತ್ತಿಕೊಳ್ಳುತ್ತಿದ್ದಳು. ಪಾಂಡವಪುರದ ಮೊದಲ ಶಿಬಿರದಲ್ಲೇ ಒಬ್ಬ ಹೆಂಗಸು ಕೇಳಿದಳು:

‘ಮೇಡಮ್ಮೋರೆ, ಈ ದಾರ ನಿಮ್ಗೆ ವಾಪಸ್ಸು ಬೇಕಾ? ಹೂ ಕಟ್ಟಕ್ಕಾಯ್ತದೆ.’

ಕೊಟ್ಟೆ. ಅಂದಿನಿಂದ ಪ್ರತಿ ಶಿಬಿರಕ್ಕೂ ನನ್ನ ಖರ್ಚಿನಲ್ಲೇ ಹೊಸ ದಾರದುಂಡೆ. ಹಿಂದಿನ ಸಲ ಸಿಕ್ಕದವರು ಈ ಸಲ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು.

ನಾಲೆ ತಾಲ್ಲೂಕಿನ ಹೆಂಗಸರಿಗೂ ಮಳೆ ತಾಲ್ಲೂಕಿನ ಹೆಂಗಸರಿಗೂ ಇರುವ ವ್ಯತ್ಯಾಸ ನನ್ನ ಕೈಪಿಡಿಯಲ್ಲಿರಲಿಲ್ಲ. ವಿಶ್ವೇಶ್ವರಯ್ಯ ನಾಲೆ ಹರಿಯುವ ಕಡೆ ಹತ್ತು ಗಂಟೆಯ ಸಭೆ ಹನ್ನೆರಡಕ್ಕೆ ಶುರು. ನಾಟಿಯ ಕಾಲವಾದರೆ ನಾಟಿ, ಕಬ್ಬು ಕಡಿಯುವಾಗ ಕಬ್ಬು, ಎರಡೂ ಇಲ್ಲದಾಗ ಕಳೆ. ಬರುವವರ ಕಾಲ ಬೆರಳ ಸಂದಿಯಲ್ಲಿ ಕೆಸರು ಇನ್ನೂ ಹಸಿಯಾಗಿರುತ್ತಿತ್ತು. ನಾಗಮಂಗಲದ ಕಡೆಯವರು ಹಾಗಲ್ಲ. ಒಂಬತ್ತೂವರೆಗೇ ಬಂದು ಬಾಗಿಲಲ್ಲಿ ಕೂತಿರುತ್ತಿದ್ದರು. ಅವರ ಸಮಯಪ್ರಜ್ಞೆಯನ್ನು ನಾನು ವರದಿಯಲ್ಲೆಲ್ಲ ಹೊಗಳಿ ಬರೆದಿದ್ದೇನೆ. ಮೂರನೆಯ ವರ್ಷ ಗೊತ್ತಾಯಿತು: ಅವರ ಊರುಗಳಿಗೆ ಬೆಳಿಗ್ಗೆ ಇರುವುದೇ ಒಂದು ಬಸ್ಸು.

ಪಾಂಡವಪುರದ ಇನ್ನೊಂದು ಶಿಬಿರವನ್ನು ಮರೆಯುವುದು ಸಾಧ್ಯವಿಲ್ಲ. 2002ರಲ್ಲಿ ಮಳೆ ಕೈಕೊಟ್ಟು ಕಾವೇರಿ ಗಲಾಟೆಯಾಗಿತ್ತಲ್ಲ, ಅದರ ಮಾರನೆಯ ವರ್ಷ. ಜಿಲ್ಲೆಯ ಬಿಸಿ ಆರಿರಲಿಲ್ಲ. ‘ಸ್ಥಳೀಯ ಉದಾಹರಣೆಗಳನ್ನು ಬಳಸಿ’ ಎಂದು ಕೈಪಿಡಿ ಹೇಳಿತ್ತು. ನಾನು ಹಿಂದಿನ ರಾತ್ರಿಯೇ ಯೋಚಿಸಿ ಒಂದು ಒಳ್ಳೆಯ ಉದಾಹರಣೆ ಹುಡುಕಿಟ್ಟುಕೊಂಡಿದ್ದೆ.

‘ನಿಮ್ಮ ತಾಲ್ಲೂಕಿನಲ್ಲೇ, ಮೇಲುಕೋಟೆಯಲ್ಲೇ, 1948ರಲ್ಲಿ ಹುಟ್ಟಿ ಒಂದು ರಾಜ್ಯಕ್ಕೆ ಮುಖ್ಯಮಂತ್ರಿಯಾದ ಹೆಂಗಸು ಇದ್ದಾರೆ. ಯಾರು ಹೇಳಿ ನೋಡೋಣ?’

ಯಾರಿಗೂ ಹೊಳೆಯಲಿಲ್ಲ. ನಾನು ವಿಜಯದ ನಗೆ ನಕ್ಕು, ‘ಜಯಲಲಿತಾ!’ ಎಂದೆ.

ಸಭಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಮಾತ್ರ. ಹಿಂದಿನ ವರ್ಷ ನೀರಿಲ್ಲದೆ ಬಿರುಕು ಬಿಟ್ಟ ಗದ್ದೆಗಳ ಒಡತಿಯರು ನಲವತ್ತು ಜನ ನನ್ನನ್ನು ನೋಡುತ್ತಿದ್ದರು. ಕಾವೇರಿಯ ನೀರಿಗಾಗಿ ತಮಿಳುನಾಡಿನ ಪರ ಪಟ್ಟು ಹಿಡಿದು ಕೂತಿದ್ದ ಹೆಸರನ್ನು ಹಗ್ಗ ಕಟ್ಟಿ ಎಳೆತಂದು ಅವರ ಮುಂದೆ ನಿಲ್ಲಿಸಿದ್ದೆ. ಸ್ಥಳೀಯ ಉದಾಹರಣೆ! ಕಡೆಗೆ ಮೂಲೆಯಲ್ಲಿ ಕೂತಿದ್ದ ವಯಸ್ಸಾದವಳೊಬ್ಬಳು ಎಲೆಯಡಿಕೆಯನ್ನು ಕೆನ್ನೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿ ನಿಟ್ಟುಸಿರು ಬಿಟ್ಟಳು.

‘ಅಂಗೇಳಿ ಮತ್ತೆ. ಅದ್ಕೇಯ ಆಪಾಟಿ ಅಟ. ನಮ್ ತಾಲ್ಲೂಕಿನ ನೀರು ಕುಡ್ದದ್ದಲ್ವಾ!’

ಸಭೆ ಗೊಳ್ಳೆಂದಿತು. ನಾನು ಬದುಕಿಕೊಂಡೆ. ಆ ದಿನ ಗುಂಪು ಚರ್ಚೆಯಲ್ಲಿ ನಾಲ್ಕನೆಯ ಲಕ್ಷಣ ಏನೆಂದು ಐದು ಗುಂಪುಗಳೂ ಒಂದೇ ಬರೆದಿದ್ದವು: ಹಟ. ಆಮೇಲೆ 2007ರಲ್ಲಿ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಯಡಿಯೂರಪ್ಪನವರು ಇಲ್ಲಿ ಮುಖ್ಯಮಂತ್ರಿಯಾದಾಗ, ಅಕ್ಕಪಕ್ಕದ ಎರಡು ತಾಲ್ಲೂಕುಗಳು ಎರಡು ರಾಜ್ಯಗಳಿಗೆ ಒಬ್ಬೊಬ್ಬರನ್ನು ಕೊಟ್ಟವಲ್ಲ ಎಂದು ಲೆಕ್ಕ ಹಾಕಿದೆ. ಆದರೆ ಶಿಬಿರದಲ್ಲಿ ಹೇಳುವ ಧೈರ್ಯ ಬರಲಿಲ್ಲ. ಧೈರ್ಯ ಮೊದಲನೆಯ ಲಕ್ಷಣ.

ಜಯಲಲಿತಾ ಹೆಸರೆತ್ತಿದ ದಿನವೇ ಮಧ್ಯಾಹ್ನ, ಪಲಾವು ಮೊಸರುಬಜ್ಜಿ ಆದ ಮೇಲೆ, ಚರ್ಚೆಯ ವಿಷಯ: ‘ನಾಯಕರು ಹುಟ್ಟುತ್ತಾರೋ, ರೂಪುಗೊಳ್ಳುತ್ತಾರೋ?’ ಊಟವಾದ ಮೇಲೆ ಇಂಥ ವಿಷಯ ಇಡಬಾರದು ಎಂಬುದು ಅನುಭವ. ಅರ್ಧ ಸಭೆ ತೂಕಡಿಸುತ್ತಿತ್ತು. ನಾನು ಒತ್ತಾಯ ಮಾಡಿದ ಮೇಲೆ ಒಬ್ಬಳು ಎದ್ದು, ತಮ್ಮ ಸಂಘದಲ್ಲಿ ಪ್ರತಿನಿಧಿಯನ್ನು ಹೇಗೆ ಆರಿಸುತ್ತಾರೆಂದು ಹೇಳಿದಳು. ಯಾರ ಮನೆಯಲ್ಲಿ ಆ ವರ್ಷ ಬಸುರಿ ಬಾಣಂತಿ ಇಲ್ಲವೋ, ಯಾರ ಅತ್ತೆ ಹಾಸಿಗೆ ಹಿಡಿದಿಲ್ಲವೋ, ಯಾರ ಮನೆಯ ಹಸು ಕರು ಹಾಕುವುದಿಲ್ಲವೋ, ಅವರು.

‘ಅಂದರೆ ಯೋಗ್ಯತೆ ನೋಡೋದಿಲ್ಲವಾ?’

‘ಯೋಗ್ತೆ ಏನಕ್ಕ, ಬ್ಯಾಂಕಿಗೆ ಓಗಿ ಬರೋದು ತಾನೆ? ಒಂದಿನದ ಕೂಲಿ ಓಯ್ತದೆ, ಬಸ್ಚಾರ್ಜು ಕೈಯಿಂದ. ಕಂತು ಕಟ್ಟದೋರ ಬಾಗ್ಲಿಗೋಗಿ ಬೈಸ್ಕಬೇಕು. ಯಾರಿಗ್ ಬೇಕು? ಕಟ್ಟುನೀರು ಇದ್ದಂಗೆ ಕನಿ ಇದು. ಈ ವರ್ಸ ನನ್ ಪಾಳಿ, ಮುಂದ್ಲ ವರ್ಸ ಇವ್ಳ ಪಾಳಿ.’

ಕಟ್ಟುನೀರು ಎಂದರೆ ನಾಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯಲ್ಲಿ ನೀರು ಕಡಿಮೆಯಿದ್ದಾಗ ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಬಂದಾಗ ರಾತ್ರಿಯೆಲ್ಲ ಟಾರ್ಚು ಹಿಡಿದು ಗದ್ದೆಗೆ ಹಾಯಿಸಿಕೊಳ್ಳಬೇಕು, ಹೋದಾಗ ಸುಮ್ಮನಿರಬೇಕು. ನಾನು ನಾಯಕತ್ವವನ್ನು ಒಂದು ಗುಣವೆಂದು ತಿಳಿದಿದ್ದೆ. ಮೈಸೂರಿನಲ್ಲಿ ಹಾಗೆಂದೇ ಕಲಿಸಿದ್ದರು, ಮೇಣದಬತ್ತಿ ಹಚ್ಚಿ ಪ್ರತಿಜ್ಞೆ ಬೇರೆ ಮಾಡಿಸಿದ್ದರು. ಇವರಿಗೆ ಅದೊಂದು ಪಾಳಿ. ಚಾರ್ಟಿನ ಮೇಲೆ ‘ಹುಟ್ಟು’, ‘ರೂಪು’ ಎಂದು ಎರಡು ಕಲಂ ಹಾಕಿದ್ದೆ. ಮೂರನೆಯದಕ್ಕೆ ಜಾಗ ಬಿಟ್ಟಿರಲಿಲ್ಲ. ಅಂಚಿನಲ್ಲಿ ಅಡ್ಡಡ್ಡ ‘ಪಾಳಿ’ ಎಂದು ಬರೆಯಹೋದರೆ ಮಾರ್ಕರು ಒಣಗಿತ್ತು. ವರದಿಯಲ್ಲಿ ಏನು ಬರೆಯಲಿ ಎಂದು ರಾತ್ರಿ ಮನೆಯವರನ್ನು ಕೇಳಿದೆ. ‘ಆವರ್ತನ ಪದ್ಧತಿ ಅಂತ ಬರಿ’ ಎಂದರು. ಹಾಗೆ ಬರೆದದ್ದಕ್ಕೆ ಸಂಘಟನೆಯವರಿಂದ ಮೆಚ್ಚುಗೆ ಬಂತು.

ಕೆ.ಆರ್. ಪೇಟೆಯವರು ಇದನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ದಿದ್ದರು. ಈ ತಾಲ್ಲೂಕಿನ ಮೇಲೆ ನನಗೆ ಮೊದಲಿನಿಂದಲೂ ಒಂದು ಭಯಭಕ್ತಿ. ಕನ್ನಡದಲ್ಲಿ ಹೀಗೆ ಹರಟುವುದಕ್ಕೂ ಒಂದು ಮರ್ಯಾದೆ ತಂದುಕೊಟ್ಟ ಎ.ಎನ್. ಮೂರ್ತಿರಾಯರು 1900ರಲ್ಲಿ ಹುಟ್ಟಿದ್ದು ಅಲ್ಲಿನ ಅಕ್ಕಿಹೆಬ್ಬಾಳಿನಲ್ಲಿ, ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದು ಕಿಕ್ಕೇರಿಯಲ್ಲಿ. ಇಂಥ ಮಣ್ಣಿನಲ್ಲಿ ನಿಂತು ‘ಸಂವಹನ ಕೌಶಲದ ಅಡೆತಡೆಗಳು’ ಎಂದು ಮಾತಾಡುವುದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಅಲ್ಲಿ ಗುಪ್ತ ಮತದಾನ ಕಲಿಸಬೇಕೆಂದು ಚೀಟಿ ಕೊಟ್ಟು, ಬಿಸ್ಕತ್ತಿನ ಡಬ್ಬಿಯನ್ನೇ ಮತಪೆಟ್ಟಿಗೆ ಮಾಡಿ, ಒಂದು ಸಂಘದ ಹದಿನಾಲ್ಕು ಜನರಿಂದ ಮತ ಹಾಕಿಸಿದೆ. ಎಣಿಸಿದರೆ ಹದಿನಾಲ್ಕೂ ಒಬ್ಬಳಿಗೇ. ಇಂಥ ಒಗ್ಗಟ್ಟು ನಾನು ಕಂಡಿರಲಿಲ್ಲ. ಗದ್ಗದಿತಳಾಗಿ, ‘ಎಲ್ಲಿ, ಆ ತಾಯಿ ಎದ್ದು ಬನ್ನಿ’ ಎಂದೆ. ಯಾರೂ ಏಳಲಿಲ್ಲ. ಆ ತಾಯಿ ಮಗಳ ಬಾಣಂತನಕ್ಕೆ ಹೋಗಿ ಹದಿನೈದು ದಿನವಾಗಿತ್ತು.

‘ಇರೋರ್ನ ಆರಿಸುದ್ರೆ ಬ್ಯಾಡ ಬ್ಯಾಡ ಅಂತ ಅಟ ಮಾಡ್ತಾರೆ ಮೇಡಂ’ ಎಂದು ವಿವರಣೆ ಬಂತು. ‘ಇಲ್ದಿರೋಳು ಎಂಗೆ ಬ್ಯಾಡ ಅಂದಾಳು?’

ಪಂಚಾಯಿತಿಯಲ್ಲಿ ಹೀಗೇ ಆಗುತ್ತಿತ್ತಲ್ಲ ಎಂದು ನನಗೆ ಆಮೇಲೆ ಅನ್ನಿಸಿತು. ನಮ್ಮ ರಾಜ್ಯ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ನೂರಕ್ಕೆ 25 ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತ್ತು. ದಿಲ್ಲಿಯವರು ಸಂವಿಧಾನ ತಿದ್ದಿ ಮೂರರಲ್ಲೊಂದು ಪಾಲು ಮಾಡಿದ್ದು ಆಮೇಲೆ, 1993ರಲ್ಲಿ. ಮೀಸಲಾತಿ ಬಂದ ಕಡೆಯಲ್ಲೆಲ್ಲ, ಸಭೆಗೆ ಬಾರದ ಅಧ್ಯಕ್ಷೆಯೂ ಅವಳ ಬದಲು ಕುರ್ಚಿಯಲ್ಲಿ ಕೂರುವ ಯಜಮಾನರೂ ಇದ್ದೇ ಇದ್ದರು. ಗೈರುಹಾಜರಾದವಳನ್ನು ಆರಿಸುವ ವಿದ್ಯೆ ಗಂಡಸರಿಗೆ ಮೊದಲೇ ಗೊತ್ತಿತ್ತು. ಒಂದೇ ವ್ಯತ್ಯಾಸವೆಂದರೆ ಕೆ.ಆರ್. ಪೇಟೆಯ ಆ ತಾಯಿ ಬಾಣಂತನ ಮುಗಿಸಿ ಬಂದವಳು ಸಂಘದವರಿಗೆಲ್ಲ ಚೆನ್ನಾಗಿ ಬೈದು, ಮಾರನೆಯ ದಿನವೇ ಬ್ಯಾಂಕಿಗೆ ಹೋದಳಂತೆ.

ಶ್ರೀರಂಗಪಟ್ಟಣ ನಮ್ಮೂರು. ಆದ್ದರಿಂದ ಅಲ್ಲಿ ನನಗೆ ಬೆಲೆ ಕಡಿಮೆ. ಮೂಗುಬೊಟ್ಟು ತಿರುಗಿಸುತ್ತ ‘ಇವ್ರು ನಮ್ ಮೇಷ್ಟ್ರ ಮನೆಯೋರಲ್ವಾ’ ಎನ್ನುತ್ತಿದ್ದರು. ಒಂದು ಆಷಾಢದಲ್ಲಿ ಕೋಟೆಯೊಳಗೆ ಶಿಬಿರ. ಜಯಲಲಿತಾ ಪ್ರಸಂಗದಿಂದ ಬುದ್ಧಿ ಕಲಿತು ಈ ಸಲ ಯಾರೂ ಜಗಳ ತೆಗೆಯಲಾಗದಂಥ ಉದಾಹರಣೆ ತಂದಿದ್ದೆ: ಮಹಾರಾಣಿ ಲಕ್ಷ್ಮಮ್ಮಣ್ಣಿ. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಇದೇ ಊರಿನಲ್ಲಿ ಕಾವಲಿನ ನಡುವೆ ಕೂತು, ಇಂಗ್ಲಿಷರ ಜೊತೆ ಗುಟ್ಟಾಗಿ ವ್ಯವಹಾರ ನಡೆಸುತ್ತ ವರ್ಷಗಟ್ಟಲೆ ಕಾದು, 1799ರಲ್ಲಿ ಐದು ವರ್ಷದ ಮಗುವನ್ನು ಮೈಸೂರಿನ ಗಾದಿಯ ಮೇಲೆ ಕೂರಿಸಿದ ಹೆಂಗಸು. ತಾಳ್ಮೆಗೆ ಇವಳಿಗಿಂತ ಬೇಕೇ ಎಂದು ನಾನು ರಂಗೇರುತ್ತಿದ್ದಂತೆ ಬಾಗಿಲಲ್ಲಿ ಯಾರೋ ಬಂದು, ‘ಕಟ್ಟೆ ತುಂಬಿ ನೀರು ಬುಟ್ಟವ್ರಂತೆ, ಹೊಳೆ ಸೇತ್ವೆ ಮಟ್ಟಕ್ಕೆ ಬಂದದೆ’ ಎಂದರು.

ನಮ್ಮ ಕಡೆ ಕಟ್ಟೆ ಎಂದರೆ ಕನ್ನಂಬಾಡಿ. ಅದರ ಮಟ್ಟ 124.80 ಅಡಿ ಎಂಬುದು ಇಲ್ಲಿಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುತ್ತದೆ. ಎರಡು ನಿಮಿಷದಲ್ಲಿ ಸಭಾಂಗಣ ಖಾಲಿ. ಲಕ್ಷ್ಮಮ್ಮಣ್ಣಿಯನ್ನು ಮತ್ತೆ ಕೋಟೆಯೊಳಗೆ ಒಬ್ಬಳನ್ನೇ ಬಿಟ್ಟು ನಾನೂ ಹೊರಟೆ. ಹಿಂಬಾಲಿಸುವುದೂ ನಾಯಕತ್ವದ ಭಾಗ ಎಂದು ಕೈಪಿಡಿಯಲ್ಲಿ ಎಲ್ಲೋ ಇತ್ತು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಲ್ಲುಕಂಬಗಳನ್ನು ನಿಲ್ಲಿಸಿ ಕಟ್ಟಿದ ವೆಲ್ಲೆಸ್ಲಿ ಸೇತುವೆ. ಪೊಲೀಸಿನವನು ಆಚೆ ಬಿಡುತ್ತಿರಲಿಲ್ಲ. ದಡದಲ್ಲಿ ಸಾಲಾಗಿ ನಿಂತೆವು. ಕೆಂಪು ನೀರು ಕಂಬಗಳಿಗೆ ಬಡಿದು ಸೀಳಿ ಹೋಗುತ್ತಿತ್ತು. ಒಂದು ಬಾಳೆಗಿಡ ಗೊನೆಸಮೇತ ತಲೆಯಾಡಿಸಿಕೊಂಡು ತೇಲಿಹೋಯಿತು. ಯಾರೂ ಮಾತಾಡಲಿಲ್ಲ. ಶಿಬಿರದಲ್ಲಿ ‘ಎರಡು ನಿಮಿಷ ಮೌನ’ ಎಂದು ಎಷ್ಟು ಸಲ ಹೇಳಿದರೂ ಬಾರದಿದ್ದ ಮೌನ ಅದು. ಒಬ್ಬಳು ಕುಂಕುಮ ಎರಚಿದಳು. ಇನ್ನೊಬ್ಬಳು ನಾನು ಕೊಟ್ಟಿದ್ದ ಬ್ಯಾಡ್ಜನ್ನು ಬಿಚ್ಚಿ, ಅದರ ಪಿನ್ನನ್ನು ಬಳೆಗೆ ಸಿಕ್ಕಿಸಿಕೊಂಡು, ಸೆರಗಿನ ತುದಿಯಿಂದ ಎರಡು ರೂಪಾಯಿ ಬಿಚ್ಚಿ ಹೊಳೆಗೆ ಹಾಕಿದಳು.

‘ನಾಳೆ ಮುಖ್ಯಮಂತ್ರಿಗಳು ಬಾಗಿನ ಬುಡಕ್ಕೆ ಬತ್ತರಂತೆ’ ಎಂದು ಯಾರೋ ಹೇಳಿದರು.

‘ಅಲ್ಲಕ್ಕ’ ಎಂದಳು ಎರಡು ರೂಪಾಯಿಯವಳು, ‘ಮೊರದ ಬಾಗಿನ ಎಂಗಸ್ರುದ್ದು ತಾನೆ? ಗೌರಿಗೆ ನಾವ್ ಕೊಡದು. ಅದ್ನೂವೆ ಪಂಚೆ ಉಟ್ಕಂಡು ಅವ್ರೇ ಕೊಟ್ಬುಟ್ರೆ?’

ನಾನು ಬೆರಗಾದೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ ಇಟ್ಟು ಮುತ್ತೈದೆಯರು ಮುತ್ತೈದೆಯರಿಗೆ ಕೊಡುವ ಬಾಗಿನವನ್ನು ಇಷ್ಟು ವರ್ಷಗಳಿಂದ ಗಂಡಸರು ಪೊಲೀಸ್ ಬಂದೋಬಸ್ತಿನಲ್ಲಿ ಕೊಡುತ್ತಿದ್ದಾರೆ, ಪ್ರತಿವರ್ಷ ಪೇಪರಿನಲ್ಲಿ ಫೋಟೋ ನೋಡುತ್ತೇನೆ, ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಅವತ್ತು ವಾಪಸ್ಸು ಹೋಗಿ ಶಿಬಿರ ಮುಂದುವರಿಸಲಿಲ್ಲ. ವರದಿಯಲ್ಲಿ ‘ಕ್ಷೇತ್ರ ಭೇಟಿ’ ಎಂದು ಬರೆದೆ.

ನಾಗಮಂಗಲದವರ ಕಥೆಯೇ ಬೇರೆ. ಅದು ರಾಗಿ, ಹುರುಳಿ, ತೆಂಗಿನ ಸೀಮೆ; ಕಂಚಿನ ಕೆಲಸಕ್ಕೆ ಹೆಸರಾದ ಊರು. ಜನವೂ ಹಾಗೆಯೇ, ಬಡಿದರೆ ಸದ್ದು ಸ್ಪಷ್ಟ. ಅಲ್ಲಿ ನನ್ನ ಬಲೂನ್ ಆಟ ಸೋತಿತು. ಎಲ್ಲರಿಗೂ ಒಂದೊಂದು ಬಲೂನು, ಒಂದೊಂದು ಗುಂಡುಪಿನ್ನು ಕೊಟ್ಟು, ‘ಐದು ನಿಮಿಷದ ಕೊನೆಗೆ ಯಾರ ಬಲೂನು ಉಳಿದಿರುತ್ತೋ ಅವರಿಗೆ ಬಹುಮಾನ’ ಎನ್ನಬೇಕು. ಒಡೆಯಿರಿ ಎಂದು ಯಾರೂ ಹೇಳದಿದ್ದರೂ ಜನ ಒಬ್ಬರದೊಬ್ಬರು ಒಡೆಯತೊಡಗುತ್ತಾರೆ. ಆಗ, ‘ನೋಡಿದಿರಾ, ಯಾರೂ ಒಡೆಯದಿದ್ದರೆ ಎಲ್ಲರೂ ಗೆಲ್ಲುತ್ತಿದ್ದಿರಿ’ ಎಂದು ಕಣ್ಣು ತೆರೆಸಬೇಕು. ಮೈಸೂರಿನಲ್ಲಿ ನಾವೆಲ್ಲ ವಿದ್ಯಾವಂತೆಯರು ಮೂವತ್ತು ಸೆಕೆಂಡಿನಲ್ಲಿ ಎಲ್ಲವನ್ನೂ ಒಡೆದು ಹಾಕಿದ್ದೆವು. ನಾಗಮಂಗಲದಲ್ಲಿ ಸೀಟಿ ಊದಿದೆ. ಐದು ನಿಮಿಷ ಕಳೆಯಿತು. ಒಂದೂ ‘ಠಪ್’ ಎನ್ನಲಿಲ್ಲ. ಮೂವತ್ತಾರು ಹೆಂಗಸರು ಬಲೂನನ್ನು ಮಡಿಲಲ್ಲಿಟ್ಟುಕೊಂಡು, ಪಿನ್ನನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

‘ಯಾಕೆ ಯಾರೂ ಒಡೆಯಲಿಲ್ಲ?’

‘ಮಕ್ಳಿಗೆ ತಕ್ಕಂಡೋಗಮ ಅಂತ.’

ಮುಂದೆ ಹೇಳಬೇಕಾದ ಪಾಠ ಅಲ್ಲಿಗೇ ಮುಗಿದಿತ್ತು. ಮೂವತ್ತಾರು ಬಹುಮಾನ ನಾನು ತಂದಿರಲಿಲ್ಲ. ಸಂಜೆ ಒಂದೇ ಬಸ್ಸಿಗೆ ಅಷ್ಟೂ ಬಲೂನು ಹತ್ತಿದಾಗ ಕಂಡಕ್ಟರನ ಮುಖ ನೋಡಬೇಕಾಗಿತ್ತು.

ಆ ದಿನದ ಕೊನೆಯ ಪಾಠ ‘ಓದದೆ ಸಹಿ ಹಾಕಬಾರದು’. ನನ್ನ ಪಾಠಗಳಲ್ಲೆಲ್ಲ ಇದು ಗಟ್ಟಿ. ನಡಾವಳಿ ಪುಸ್ತಕ, ಸಾಲದ ಕರಾರು, ಬ್ಯಾಂಕಿನ ಚಲನ್ನು, ಯಾವುದೇ ಇರಲಿ, ‘ಯಾರು ಹೇಳಿದರೂ, ಗಂಡನೇ ಹೇಳಿದರೂ, ಓದದೆ ಹಾಕಬೇಡಿ’ ಎಂದು ಮೇಜು ಕುಟ್ಟುತ್ತಿದ್ದೆ. ಎಲ್ಲರೂ ತಲೆದೂಗಿದರು. ಹೆಬ್ಬೆಟ್ಟಿನಿಂದ ಸಹಿಗೆ ಆಗಷ್ಟೆ ಬಡ್ತಿ ಪಡೆದಿದ್ದ ಒಬ್ಬ ಅಜ್ಜಿ ಮಾತ್ರ ನನ್ನನ್ನು ಅಳೆಯುವಂತೆ ನೋಡಿ ಕೇಳಿದಳು:

‘ಅಲ್ಲ ಕನವ್ವ, ನಿಮ್ಮನೇಲಿ ಲೀಡ್ರು ಯಾರು?’

‘ಇಬ್ಬರೂ’ ಎಂದೆ.

ಅಜ್ಜಿ ಏನೂ ಹೇಳಲಿಲ್ಲ. ಪಕ್ಕದವಳ ಕಡೆ ತಿರುಗಿ ಬಲೂನು ಸರಿಮಾಡಿಕೊಂಡಳು. ನನಗೆ ಅಡುಗೆಮನೆ, ಪೆನ್ಸಿಲ್ ಗೀಟು, ರಬ್ಬರು ಒಟ್ಟಿಗೇ ನೆನಪಾದವು. ಮನೆಗೆ ಬಂದು ಮನೆಯವರಿಗೆ ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ‘ಸರಿ, ಈ ವರ್ಷದ ಪಾಳಿ ನಿಂದೇ ಆಗಲಿ, ಗ್ಯಾಸಿನ ಅರ್ಜಿ ನೀನೇ ತುಂಬು’ ಎಂದು ಪೆನ್ನು ಕೊಟ್ಟರು. ‘ಒಲೆ ಮೇಲೆ ಹಾಲಿದೆ’ ಎಂದು ಒಳಗೆ ಹೋದೆ. ಹಾಲಿರಲಿಲ್ಲ.

ಆಮೇಲೆ ಮೊಣಕಾಲು ಬಂತು, ಮೊಮ್ಮಕ್ಕಳು ಬಂದರು, ನನ್ನ ಜಾಗಕ್ಕೆ ಲ್ಯಾಪ್‌ಟಾಪು ಹಿಡಿದ ಹುಡುಗಿ ಬಂದಳು. ಅವಳಿಗೆ ಐದು ಲಕ್ಷಣಗಳು ಪರದೆಯ ಮೇಲೆ ತಾವಾಗಿಯೇ ಒಂದೊಂದಾಗಿ ಬೀಳುತ್ತಿದ್ದವು. ಮನೆಯವರು ಹೋಗಿ ಈಗ ನಾಲ್ಕು ವರ್ಷ. ಅವರ ಪಿಂಚಣಿ ಪಾಂಡವಪುರದ ಬ್ಯಾಂಕಿನಲ್ಲಿತ್ತು, ಕುಟುಂಬ ಪಿಂಚಣಿಯೂ ಅಲ್ಲೇ ಬರುತ್ತದೆ. ನವೆಂಬರ್ ಬಂದರೆ ನಾನು ಬದುಕಿದ್ದೇನೆಂದು ಬ್ಯಾಂಕಿಗೆ ತಿಳಿಸಬೇಕು. ಮೊದಲ ಮೂರು ವರ್ಷ ಮಗ ರಜೆ ಹಾಕಿ ಬಂದು ತುಂಬಿಕೊಟ್ಟ. ಹೋದ ವರ್ಷ ಅವನಿಗೆ ರಜೆ ಸಿಗಲಿಲ್ಲ.

ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. 2023ರಿಂದ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲವಲ್ಲ. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಇಸಿದುಕೊಂಡು ಕೂತೆ. ದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದಲ್ಲಿ ಕೂತು, ಕಂಕುಳಲ್ಲಿದ್ದ ಪ್ಲಾಸ್ಟಿಕ್ ಕವರನ್ನು ತೊಡೆಯ ಮೇಲಿಟ್ಟುಕೊಂಡಳು. ಒಳಗೆ ನಡಾವಳಿ ಪುಸ್ತಕ, ಪಾಸ್‌ಪುಸ್ತಕ. ಆ ಕಂದುಬಣ್ಣದ ರಟ್ಟನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಅವಳು ನನ್ನನ್ನು ಎರಡು ಸಲ ನೋಡಿದಳು.

‘ನೀವು ದಾರದ್ ಮೇಡಮ್ಮೋರಲ್ವಾ?’

ಧೈರ್ಯ, ತಾಳ್ಮೆ, ಮಾತುಗಾರಿಕೆ, ಪ್ರಾಮಾಣಿಕತೆ, ಲಕ್ಷ್ಮಮ್ಮಣ್ಣಿ, ಮೇಣದಬತ್ತಿಯ ಪ್ರತಿಜ್ಞೆ. ಉಳಿದದ್ದು ದಾರ. ‘ಹೌದು ಕಣಮ್ಮ’ ಎಂದೆ. ‘ನೀನು ಈಗಲೂ ಸಂಘದಲ್ಲಿದ್ದೀಯಾ?’

‘ಇವ್ನಿ ಕನ್ ಮೇಡಂ. ಸುತ್ತಾಕ್ಕಂಡು ಈ ವರ್ಸ ತಿರ್ಗ ನನ್ ಪಾಳಿ ಬಂತು. ನೀವೆಲ್ಲಿಗೆ?’

ಹೇಳಿದೆ. ಹೇಳುತ್ತ ಅರ್ಜಿಯನ್ನು ಹೊರಗೆ ತೆಗೆದೆ. ಮನೆಯಲ್ಲಿ ಮೂರು ಸಲ ಬಿಡಿಸಿ ಮಡಿಸಿ ಅದು ಮೆತ್ತಗಾಗಿತ್ತು. ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಅವಳು ಇಸಿದುಕೊಂಡು ಬಸ್ಸಿನ ಕುಲುಕಾಟದಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು. ‘ಇದಾ? ನಮ್ ಸಂಘದಲ್ಲಿ ಮೂರು ಜನಕ್ಕೆ ನಾನೇ ತುಂಬ್ಸಿವ್ನಿ’ ಎಂದಳು. ಖಾತೆ ನಂಬರು ಎಲ್ಲಿ, ಆಧಾರ್ ಎಲ್ಲಿ ಎಂದು ಹೇಳಿಕೊಟ್ಟಳು. ಮೊದಲನೇ ಕೌಂಟರಿನವನು ಊಟಕ್ಕೆ ಏಳುವ ಹೊತ್ತು, ಸೀದಾ ಒಳಗೆ ಕನ್ನಡಕದಮ್ಮನ ಹತ್ತಿರ ಹೋಗಿ ಎಂದಳು. ನಾನು ಬರೆದೆ. ಅಕ್ಷರ ಬಸ್ಸಿನ ಜೊತೆ ಕುಣಿಯಿತು. ಸಹಿ ಎರಡು ಕಡೆ ಬೇಕಿತ್ತು: ಒಂದು, ನಾನು ಬದುಕಿದ್ದೇನೆ ಎಂಬುದಕ್ಕೆ, ಇನ್ನೊಂದು, ಮರುಮದುವೆಯಾಗಿಲ್ಲ ಎಂಬುದಕ್ಕೆ. ಅದನ್ನು ಓದಿ ಇಬ್ಬರೂ ನಕ್ಕೆವು, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು.

ಅವಳ ಹತ್ತಿರ ಪೆನ್ಸಿಲಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಕಾಗದದ ಮೇಲೆ ಒತ್ತಿ ಗೀರಿದಳು.

‘ಇಲ್ಲೊಂದು, ಇಲ್ಲೊಂದು. ಓದ್ಕಂಡು ಹಾಕಿ.’

ಪಾಂಡವಪುರ ಬಂತು. ಅವಳು ಬಾಗಿಲಿಗೆ ಹೋಗಿ ನಿಂತು, ‘ವಸಿ ತಡೀರಿ, ವಯಸ್ಸಾದೋರು ಇಳೀತಾವ್ರೆ’ ಎಂದು ಕಂಡಕ್ಟರಿಗೆ ಗದರಿದಳು. ಯಾರಪ್ಪಾ ವಯಸ್ಸಾದವರು ಎಂದು ನಾನೂ ಹಿಂದಕ್ಕೆ ತಿರುಗಿ ನೋಡಿದೆ.